ಗೆದ್ದಾಗ ನಮ್ಮವನು

ರಾಯದುರ್ಗದವರಿಗೆ ಇಂಗ್ಲೆಂಡಿನ ಫುಟ್‌ಬಾಲಿನ ಹುಚ್ಚು ಯಾಕೆ ಹಿಡಿಯಬೇಕು ಎಂದು ನನ್ನನ್ನು ಕೇಳಬೇಡಿ. ನಮ್ಮೂರಲ್ಲಿ ಇರುವ ಮೈದಾನದಲ್ಲಿ ಕಲ್ಲಿದೆ, ಕಲ್ಲಿಲ್ಲದ ಕಡೆ ಕ್ರಿಕೆಟ್ ಆಡುವವರಿದ್ದಾರೆ. ನಮ್ಮ ಗುಂಪಿನಲ್ಲಿ ಚೆಂಡನ್ನು ನೆಟ್ಟಗೆ ಒದ್ದವರು ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಆದರೂ ಭಾನುವಾರ ಸಂಜೆಯಾದರೆ ಸಾಕು, ಜೀನ್ಸ್ ಹೊಲಿಯುವ ಯೂನಿಟ್ಟೊಂದರ ಮಹಡಿಯ ಮೇಲೆ, ಮಿಷನ್ನುಗಳನ್ನು ಗೋಡೆಗೆ ಸರಿಸಿ, ನಾವೆಲ್ಲ ಕೆಂಪು ಅಂಗಿ ತೊಟ್ಟು ಟಿವಿ ಮುಂದೆ ಕೂರುತ್ತಿದ್ದೆವು. ಎದುರು ಸಾಲಿನಲ್ಲಿ ಗೊಬ್ಬರದ ಅಂಗಡಿಯ ಮೇಲೆ ನೀಲಿ ಅಂಗಿಯವರು. ಇಂಗ್ಲೆಂಡಿನ ಒಂದೇ ಊರಿನ ಎರಡು ತಂಡಗಳ ಜಗಳವನ್ನು ಪುಕ್ಕಟೆಯಾಗಿ ತಂದು ನಮ್ಮ ಬೀದಿಗೆ ಕಟ್ಟಿಕೊಂಡಿದ್ದೆವು. ನಮ್ಮ ಸ್ವಂತ ಜಗಳಗಳು ಸಾಲದಾಗಿದ್ದವೇನೋ.

ಆಂಧ್ರದ ಗಡಿಯ ಈ ಸೀಮೆಯಲ್ಲಿ ನಾನು ಕನ್ನಡ ಮಾಧ್ಯಮದ ಮೇಷ್ಟರು. ಕೆಲಸ ಮಡಕಶಿರಾ ಕಡೆಯ ಒಂದು ಹಳ್ಳಿಯಲ್ಲಿ. ಮನೆ, ಹೆಂಡತಿ, ಮಗಳು ರಾಯದುರ್ಗದಲ್ಲಿ. ವಾರವೆಲ್ಲ ಅಲ್ಲಿ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಊರು ಸೇರುವುದು, ಸೋಮವಾರ ಬೆಳಕು ಹರಿಯುವ ಮುಂಚೆ ಮತ್ತೆ ಹೊರಡುವುದು. ಹಾಗಾಗಿ ನನಗೆ ಮಗಳೊಂದಿಗೆ ಸಿಗುತ್ತಿದ್ದದ್ದು ಭಾನುವಾರ ಒಂದೇ. ಆ ಭಾನುವಾರವನ್ನು ನಾವಿಬ್ಬರೂ ಆ ಮಹಡಿಯ ಮೇಲೆ ಕಳೆಯುತ್ತಿದ್ದೆವು. ಬೆಳೆದ ಹುಡುಗಿಯನ್ನು ಗಂಡಸರ ನಡುವೆ ಕೂರಿಸಿಕೊಳ್ಳುತ್ತೀರಲ್ಲ ಎಂದು ಹೆಂಡತಿ ಗೊಣಗುತ್ತಿದ್ದಳು. ಅಲ್ಲಿರುವವರೆಲ್ಲ ನಮ್ಮವರೇ ಬಿಡು ಎನ್ನುತ್ತಿದ್ದೆ. ಆ ಮಾತನ್ನು ಆಗ ನಾನು ನಂಬಿದ್ದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಕಪ್ಪಗಿದ್ದೇನೆ. ಈ ಬಿಸಿಲಿನ ಸೀಮೆಯಲ್ಲಿ ಯಾರು ಬೆಳ್ಳಗಿದ್ದಾರೆ ಎಂದು ಕೇಳಬಹುದು. ನಮ್ಮ ಕಪ್ಪಿನಲ್ಲೂ ಮೆಟ್ಟಿಲುಗಳಿವೆ, ನಾನು ತೀರಾ ಕೆಳಗಿನ ಮೆಟ್ಟಿಲಿನವನು. ಹೆಂಡತಿ ಗೋಧಿ ಬಣ್ಣ. ಮಗಳು ಬಣ್ಣದಲ್ಲಿ ನನ್ನ ಪಾಲಿಗೆ ಬಂದಳು. ಅವಳು ಹುಟ್ಟಿದಾಗ ನೋಡಲು ಬಂದವರು ಕೂಸನ್ನು ಬಿಟ್ಟು ಬಾಣಂತಿಯ ಮುಖ ನೋಡಿ, “ಹೋಗ್ಲಿ ಬಿಡವ್ವ, ಮೂಗು ಚಂದೈತಿ” ಎಂದು ಸಮಾಧಾನ ಹೇಳಿ ಹೋದರು. ಹುಟ್ಟಿದ ಮನೆಯಲ್ಲಿ ಸಾವಿನ ಮನೆಯ ಮಾತು. ಅವತ್ತೇ ನಾನು ಹಟ ಹಿಡಿದೆ. ಈ ಮಾತುಗಳು ಅವಳ ಕಿವಿಗೆ ಬೀಳುವುದನ್ನು ತಪ್ಪಿಸಲಾರೆ, ಎದೆಗೆ ಮಾತ್ರ ಇಳಿಯಬಾರದು. ಒಂಬತ್ತನೇ ಕ್ಲಾಸಿನವರೆಗೆ ಇಳಿದಿರಲಿಲ್ಲ. ಕಡಲೆಹಿಟ್ಟು, ಅರಿಸಿನ, ಕೆನೆ ಹಿಡಿದು ಬಂದ ಸೋದರತ್ತೆಯರನ್ನು, “ಬಜ್ಜಿ ಮಾಡ್ತೀರೇನತ್ತಿ?” ಎಂದು ಕೇಳಿ ಓಡಿಸುತ್ತಿದ್ದಳು.

ಇದಕ್ಕೆ ನಮ್ಮ ತಂಡದ ಒಬ್ಬ ಆಟಗಾರನೂ ಕಾರಣ. ಅವನ ಹೆಸರು ನಾನು ಬರೆಯುವುದಿಲ್ಲ, ಅವನಿಗೆ ಇದ್ದ ತೊಂದರೆಗಳೇ ಸಾಕು. ಹುಟ್ಟಿದ್ದು ಬೆಳೆದದ್ದು ಇಂಗ್ಲೆಂಡಿನಲ್ಲೇ, ಅಜ್ಜ ಅಜ್ಜಿ ಯಾವುದೋ ದ್ವೀಪದಿಂದ ಬಂದವರಂತೆ. ಕೆಂಪು ತಂಡದ ಎಡಗಡೆ ಆಡುತ್ತಿದ್ದ. ನಮ್ಮಷ್ಟೇ ಕಪ್ಪು. ಯಾರಾದರೂ ಕಾಲು ಅಡ್ಡ ಹಾಕಿ ಬೀಳಿಸಿದರೆ ಜಗಳಕ್ಕೆ ನಿಲ್ಲದೆ, ಎದ್ದು, ಕಾಲುಚೀಲ ಮೇಲೆಳೆದುಕೊಂಡು ಮತ್ತೆ ಓಡುತ್ತಿದ್ದ. ನನ್ನ ಮಗಳೂ ಹಾಗೇ ಕಾಲುಚೀಲ ಎಳೆದುಕೊಂಡು ಶಾಲೆಗೆ ಹೊರಡುತ್ತಿದ್ದಳು. ಅವನ ನಂಬರಿನ ಅಂಗಿ ಅವಳಿಗೂ ಇತ್ತು. ನಮ್ಮ ಅಂಗಿಗಳೆಲ್ಲ ಆ ಯೂನಿಟ್ಟಿನಲ್ಲೇ ಆದವು. ಜೀನ್ಸ್ ಹೊಲಿದು ರೂಢಿಯಾದ ಕೈಗಳು ಆ ತೆಳು ಬಟ್ಟೆಗೂ ಜೀನ್ಸಿನ ದಪ್ಪ ದಾರ ಹಾಕಿ ಜೋಡಿ ಹೊಲಿಗೆ ಹೊಡೆದಿದ್ದವು. ಕಂಕುಳಲ್ಲಿ ಚುಚ್ಚುತ್ತಿತ್ತು. ಬಟ್ಟೆ ಹರಿದರೂ ಹೊಲಿಗೆ ಬಿಚ್ಚುವಂತಿರಲಿಲ್ಲ.

ಯೂನಿಟ್ಟಿನ ಮಾಲೀಕರನ್ನು ನಾವು ಸಾಹುಕಾರ್ರು ಎನ್ನುತ್ತಿದ್ದೆವು. ಟಿವಿ ಅವರದು, ಚಾನೆಲ್ಲಿನ ದುಡ್ಡು ಅವರದು, ಮಿರ್ಚಿ ಮಂಡಕ್ಕಿ ಅವರದು. ಆದ್ದರಿಂದ ನಡುವಿನ ಕುರ್ಚಿಯೂ ಅವರದೇ. ನಾವು ಜೀನ್ಸಿನ ಬಂಡಲುಗಳಿಗೆ ಒರಗಿ ನೆಲದ ಮೇಲೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಅಲ್ಲಿ ಇಂಗ್ಲೆಂಡಿನಲ್ಲೂ ಕಥೆ ಇದೇ. ದೂರದೇಶದಿಂದ ಯಾರೋ ಬಂದು ಒಂದು ಊರಿನ ತಂಡವನ್ನೇ ಕೊಂಡು ನಡುವಿನ ಕುರ್ಚಿಯಲ್ಲಿ ಕೂರುತ್ತಾನೆ, ಆಟಗಾರರನ್ನು ಸಂತೆಯಲ್ಲಿ ಎತ್ತು ಕೊಳ್ಳುವಂತೆ ಹಲ್ಲು, ಗೊರಸು ನೋಡಿ ಕೊಳ್ಳುತ್ತಾನೆ. ಆ ಆಟಗಾರನನ್ನು ಕೆಂಪು ತಂಡ ಕೊಂಡ ದಿನ ಸಾಹುಕಾರ್ರು, “ಅಷ್ಟು ರೊಕ್ಕದಾಗ ನಮ್ಮ ರಾಯದುರ್ಗ ಗುಡ್ಡದ ಮ್ಯಾಲಿನ ಕೋಟಿ ಸಮೇತ ಬರ್ತಿತ್ತು ನೋಡ್ರಿ” ಎಂದಿದ್ದರು. ಹೆಮ್ಮೆಯಿಂದಲೇ ಹೇಳಿದ್ದರು. ಕೊಟ್ಟವರು ತಾವೇ ಎಂಬ ಹಾಗೆ.

ಆ ವರ್ಷ ಕೆಂಪಿಗೂ ನೀಲಿಗೂ ದೊಡ್ಡ ಪಂದ್ಯ ಬಂದಾಗ ಫ್ಲೆಕ್ಸ್ ಹಾಕಿಸಬೇಕು ಎಂದಾಯಿತು. ನಮ್ಮ ಸೀಮೆಯಲ್ಲಿ ಫ್ಲೆಕ್ಸ್ ಇಲ್ಲದೆ ಹುಟ್ಟೂ ಇಲ್ಲ, ಸಾವೂ ಇಲ್ಲ. ಅದಕ್ಕೊಂದು ಕ್ರಮವೂ ಉಂಟು. ಮೇಲೆ ಹೀರೋ, ಅವನ ಪಕ್ಕ ಖರ್ಚು ಕೊಟ್ಟವರು, ಕೆಳಗೆ ಸಾಲಾಗಿ ನಮ್ಮಂಥವರ ಅಂಚೆಚೀಟಿ ಗಾತ್ರದ ಮುಖಗಳು. ನನ್ನದೂ ಮಗಳದೂ ಕೆಳಸಾಲಿನಲ್ಲಿ ಇರಲಿ ಎಂದು ಫೋಟೋ ಕೊಟ್ಟೆ. ಅವಳಿಗೆ ಖುಷಿಯೋ ಖುಷಿ. ಆ ಆಟಗಾರ ಮೇಲೆ, ತಾನು ಕೆಳಗೆ, ಇಬ್ಬರೂ ಒಂದೇ ಫ್ಲೆಕ್ಸಿನಲ್ಲಿ.

ಫ್ಲೆಕ್ಸ್ ಮಾಡಿದವನು ನಮ್ಮೂರಿನ ಫೋಟೋ ಸ್ಟುಡಿಯೋದವನು. ಒಳ್ಳೆಯ ಹುಡುಗ, ಕೈ ಚುರುಕು. ಶನಿವಾರ ಸಂಜೆ ಯೂನಿಟ್ಟಿನ ಮುಂದೆ ಅದನ್ನು ಬಿಡಿಸಿ ಕಟ್ಟಿದಾಗ ಮಗಳು ಹತ್ತಿರ ಹೋಗಿ ಬೆರಳಿಟ್ಟು ಸಾಲುಸಾಲಾಗಿ ಹುಡುಕಿದಳು. ಒಬ್ಬೊಬ್ಬರನ್ನೇ ಗುರುತಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ನಾನೆಲ್ಲಿ ಅಪ್ಪಾ?” ಎಂದಳು.

ಅವಳ ಬೆರಳು ಅವಳ ಮುಖದ ಮೇಲೇ ಇತ್ತು. ಅಲ್ಲಿದ್ದದ್ದು ಬೆಣ್ಣೆ ಬಣ್ಣದ, ತುಟಿ ಕೆಂಪಾದ ಯಾವುದೋ ಹುಡುಗಿ. ಜಡೆ ಮಾತ್ರ ಇವಳದು. ನಾನೂ ಹಾಗೇ, ಯಾವುದೋ ಪಟ್ಟಣದ ಬ್ಯಾಂಕ್ ಮ್ಯಾನೇಜರಿನ ಹಾಗಿದ್ದೆ. ತಲೆಯೆತ್ತಿ ನೋಡಿದರೆ ಮೇಲಿನ ಹೀರೋನನ್ನೂ ಬಿಟ್ಟಿರಲಿಲ್ಲ. ಚೆಂಡಿನ ಮೇಲೆ ಕಾಲಿಟ್ಟು ನಿಂತವನು ಮಾಗಿದ ಗೋಧಿಯ ಬಣ್ಣಕ್ಕೆ ತಿರುಗಿದ್ದ. ಮಗಳು ಹೊಟ್ಟೆ ಹಿಡಿದು ನಕ್ಕಳು. “ಇಂವ ಯಾರಪ್ಪಾ? ನಮ್ಮವನ ಅಂಗಿ ಕದ್ದು ಹಾಕ್ಕೊಂಡಾನ” ಎಂದಳು. ಆ ನಗು ನನಗೆ ಇವತ್ತಿಗೂ ಕೇಳುತ್ತದೆ. ಅದರಲ್ಲಿ ಒಂದು ಚೂರೂ ನೋವಿರಲಿಲ್ಲ.

ಸ್ಟುಡಿಯೋದವನನ್ನು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

“ಎಲ್ಲಾರಿಗೂ ಕಲರ್ ಎತ್ತತೀನ್ರಿ ಮೇಷ್ಟ್ರ, ಬೆಳ್ಳಗ ಮಾಡ್ತೀನಿ. ಮದುವಿ ಇರ್ಲಿ, ತಿಥಿ ಇರ್ಲಿ. ಎತ್ತದಿದ್ರ ಜನ ಬೈತಾರ್ರಿ.”

“ಅವ ಇಂಗ್ಲೆಂಡಿನಾಗ ಕಪ್ಪು ಅಂತ ಬೈಸ್ಕೊಂಡು ಆಡ್ತಾನಪ್ಪ. ಅವನ್ನ ಯಾಕ ಎತ್ತಿದಿ?”

“ಹೀರೋ ಅಲ್ಲೇನ್ರಿ ಅವ?” ಎಂದ. ಹೀರೋ ಆದವನನ್ನು ಕಪ್ಪಗೆ ಬಿಡುವುದು ಅವನ ಪ್ರಕಾರ ಮರ್ಯಾದೆಯಲ್ಲ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಕೆಟ್ಟ ಮನಸ್ಸಿದ್ದರೆ ಜಗಳ ಆಡಬಹುದು.

ಬೇರೆ ಮಾಡು, ಖರ್ಚು ನನ್ನದು ಎಂದೆ. ಸಾಹುಕಾರ್ರು ಕುರ್ಚಿಯಿಂದಲೇ ನಕ್ಕರು. “ಮೇಷ್ಟ್ರ, ಬೇಕಾದ್ದು ಮಾಡಿಸ್ಕೊಳ್ರಿ. ನನ್ನ ಮುಖಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ” ಎಂದರು. ಅವರೂ ನನಗಿಂತ ಒಂದು ಮೆಟ್ಟಿಲು ಮೇಲಷ್ಟೆ. ಉಳಿದವರನ್ನೂ ಕೇಳಿದೆ. ಯಾರೂ ತಮ್ಮ ಬಣ್ಣ ತಮಗೆ ವಾಪಸು ಬೇಕು ಎನ್ನಲಿಲ್ಲ. ಹಾಗಾಗಿ ಮರುದಿನ ಮಧ್ಯಾಹ್ನ ಬಂದ ಹೊಸ ಫ್ಲೆಕ್ಸಿನಲ್ಲಿ ಅಷ್ಟೂ ಬೆಳ್ಳನೆಯ ಮುಖಗಳ ನಡುವೆ ಮೂರೇ ಮೂರು ಕಪ್ಪು ಮುಖಗಳು. ಆ ಆಟಗಾರ, ನಾನು, ನನ್ನ ಮಗಳು. ದೂರದಿಂದಲೇ ಎದ್ದು ಕಾಣುತ್ತಿದ್ದವು. ನಾನು ಕೈಕಟ್ಟಿ ನಿಂತು ಗೆದ್ದೆ ಅಂದುಕೊಂಡೆ. “ಈಗ ಸಿಕ್ಕೆ ನೋಡಪ್ಪಾ” ಎಂದು ಮಗಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಳು. ಹಳೆಯದನ್ನು ಸುರುಳಿ ಸುತ್ತಿ ಮನೆಗೆ ಕೊಂಡೊಯ್ದೆ, ಶಾಲೆಯ ಅಡುಗೆ ಚಪ್ಪರಕ್ಕಾದರೂ ಆಗುತ್ತದೆ ಎಂದು.

ಪಂದ್ಯ ಅವತ್ತೇ ಸಂಜೆ. ಮೊದಲು ಆಟಗಾರರೆಲ್ಲ ಒಂದು ಮೊಣಕಾಲೂರಿ ಕೂತರು. ಬಣ್ಣ ನೋಡಿ ಬೈಯುವುದಕ್ಕೆ ವಿರೋಧ ಅದು. ಟಿವಿಯವನು ಗಂಭೀರವಾಗಿ ಏನೋ ಹೇಳಿದ, ಜನ ಚಪ್ಪಾಳೆ ತಟ್ಟಿದರು. ನಮ್ಮ ಮಹಡಿಯಲ್ಲೂ ತಟ್ಟಿದರು. ಅರ್ಧ ಆಟದ ಮುಂಚೆಯೇ ಆ ಆಟಗಾರ ಒಂದು ಗೋಲು ಹೊಡೆದ. ಮಹಡಿ ಅಲುಗಾಡಿತು. ಸಾಹುಕಾರ್ರು ನನ್ನ ಮಗಳ ತಲೆ ಸವರಿ, “ನಮ್ಮ ಹುಲಿ ನೋಡವ್ವ ಇವ, ನಮ್ಮಂವ” ಎಂದರು. ಆಮೇಲೆ ನೀಲಿಯವರು ಒಂದು ಹೊಡೆದರು. ಇನ್ನೇನು ಮುಗಿಯಿತು ಎನ್ನುವಾಗ ಅವನಿಗೆ ಒಂದು ಸುಲಭದ ಚೆಂಡು ಸಿಕ್ಕಿತು. ಎದುರಿಗೆ ಯಾರೂ ಇಲ್ಲ, ಗೋಲು ಬಾಯಿ ತೆರೆದುಕೊಂಡಿದೆ. ಅವನು ಆಕಾಶಕ್ಕೆ ಒದ್ದ. ಅಲ್ಲಿಂದಲೇ ಚೆಂಡು ತಿರುಗಿ ಹೋಗಿ ನೀಲಿಯವರು ಇನ್ನೊಂದು ಗೋಲು ಹೊಡೆದು ಗೆದ್ದುಬಿಟ್ಟರು.

ಎದುರು ಮಹಡಿಯಲ್ಲಿ ಪಟಾಕಿ ಹಚ್ಚಿದರು. ನಮ್ಮಲ್ಲಿ ಮೊದಲು ಬಾಯಿ ಬಿಟ್ಟವರು ಸಾಹುಕಾರ್ರೇ.

“ಅಷ್ಟು ರೊಕ್ಕ ಸುರುವಿ ಈ ಕರಿ ಮಂಗ್ಯಾನ್ನ ಯಾಕ ತಂದ್ರೋ.”

ಅದು ಕಟ್ಟೆ ಒಡೆದ ಹಾಗಾಯಿತು. ಕನ್ನಡ ಮುಗಿದ ಮೇಲೆ ತೆಲುಗು, ತೆಲುಗು ಮುಗಿದ ಮೇಲೆ ಉರ್ದು. ಬೈಗುಳಕ್ಕೆ ನಮ್ಮೂರಲ್ಲಿ ಭಾಷೆಯ ಗಡಿಯಿಲ್ಲ. ಅವನ ಆಟವನ್ನು ಬೈದಿದ್ದರೆ ನಾನೂ ಸೇರುತ್ತಿದ್ದೆ, ಬೈಯುವ ಹಾಗೇ ಒದ್ದಿದ್ದ. ಆದರೆ ಅವನ ಕಾಲಿನ ಸುದ್ದಿ ಯಾರೂ ಎತ್ತಲಿಲ್ಲ, ಎಲ್ಲ ಚರ್ಮದ್ದೇ. ಯೂನಿಟ್ಟಿನಲ್ಲಿ ಗುಂಡಿ ಹಾಕುವ ಒಬ್ಬ ತರುಣ ಮೊಬೈಲಿನಲ್ಲಿ ಆ ಆಟಗಾರನ ಪುಟ ಹುಡುಕಿ ಸಾಲುಸಾಲು ಕೋತಿಯ ಚಿತ್ರ ಕಳಿಸಿ ಎಲ್ಲರಿಗೂ ತೋರಿಸಿದ. ಸೂರ್ಯ ಮುಳುಗದ ಆ ರಾಜ್ಯದ ಯಾವುದಾದರೂ ಬೀದಿಯಲ್ಲಿ ಈ ಮಹಾರಾಯ ಹೋಗಿ ನಿಂತರೆ ಅವನಿಗೂ ಅದೇ ಚಿತ್ರ ಅಂಟಿಸುತ್ತಾರೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಬೆಳಗ್ಗೆ ಆ ಆಟಗಾರ ಮೊಬೈಲು ತೆರೆದರೆ ಅಲ್ಲಿ ರಾಯದುರ್ಗವೂ ಇರುತ್ತದಲ್ಲ ಎಂದು ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಯಾರೋ ಹಿಂದಿನಿಂದ ಹೇಳಿದರು. “ಮೇಷ್ಟ್ರ, ನಿಮ್ಮಂವ ಕೈ ಕೊಟ್ಟ ನೋಡ್ರಿ.”

“ನನ್ನಂವ ಅಂದ್ರ?” ಎಂದೆ.

“ಮತ್ತ, ಬಣ್ಣ ನೋಡ್ರಿ, ಖಾಸಾ ಅಣ್ಣತಮ್ಮರ ಹಂಗ ಅದೀರಿ.” ಎಲ್ಲರೂ ನಕ್ಕರು. ಸೋತ ದುಃಖಕ್ಕೆ ಅವರಿಗೊಂದು ಮದ್ದು ಸಿಕ್ಕಿತ್ತು.

ನಾನು ಸಾಹುಕಾರ್ರ ಕಡೆ ತಿರುಗಿದೆ. “ಸಾಹುಕಾರ್ರ, ಗೋಲು ಹೊಡದಾಗ ಅವ ಯಾರಂವ ಇದ್ದನ್ರಿ?”

“ಗೆದ್ದಾಗ ನಮ್ಮಂವ ಬಿಡ್ರಿ” ಎಂದರು, ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತ. ಹಾಸ್ಯಕ್ಕೆ ಹೇಳಿದ ಮಾತು. ಆದರೆ ಅಷ್ಟು ನಿಜವಾದ ಮಾತನ್ನು ಅವರು ಆ ಕುರ್ಚಿಯಿಂದ ಅದಕ್ಕೆ ಮೊದಲು ಆಡಿರಲಿಲ್ಲ.

ಮಗಳು ಮುಂದಿನ ಸಾಲಿನಲ್ಲಿದ್ದಳು. ಇಡೀ ಮಹಡಿಗೆ ಅವಳ ಬೆನ್ನು ಕಾಣುತ್ತಿತ್ತು, ಬೆನ್ನ ಮೇಲೆ ಅವನ ನಂಬರು. “ಏ ತಂಗಿ, ಆ ಅಂಗಿ ಸುಟ್ಟು ಹಾಕವ್ವ, ಅಪಶಕುನ” ಎಂದು ಒಬ್ಬ ಕೂಗಿದ. ಬಜ್ಜಿ ಮಾಡ್ತೀರೇನು ಎಂದು ಕೇಳುವ ಹುಡುಗಿ, ಒಂದು ಮಾತೂ ಆಡದೆ ಮೆಲ್ಲಗೆ ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ಹಚ್ಚಿ ಕೂತಳು, ನಂಬರು ಯಾರಿಗೂ ಕಾಣದ ಹಾಗೆ. ಮೆಟ್ಟಿಲಿಳಿಯುವಾಗಲೂ ನನ್ನನ್ನು ಹಿಂದೆ ಬರಲು ಬಿಟ್ಟಳು. ನನ್ನ ಕೈಲಾದದ್ದು ಅಷ್ಟೇ, ಅವಳ ಬೆನ್ನಿಗೆ ಅಡ್ಡ ನಿಲ್ಲುವುದು.

ಮರುದಿನ ಬೆಳಕು ಹರಿಯುವ ಮುಂಚೆ ನಾನು ಮಡಕಶಿರಾ ದಾರಿ ಹಿಡಿದೆ. ಹಳೆಯ ಫ್ಲೆಕ್ಸನ್ನು ಶಾಲೆಯಲ್ಲಿ ಬಿಸಿಯೂಟದ ಚಪ್ಪರಕ್ಕೆ ಕಟ್ಟಿಸಿದೆ. ಒಳಗಡೆಗೆ ಚಿತ್ರ ಬಂತು. ಅಡುಗೆ ಮಾಡುವ ಹೆಣ್ಣುಮಗಳು ಹತ್ತಿರದ ರೊಳ್ಳದ ಕಡೆಯವಳು, ಬಾಯಿ ತುಂಬ ಮಾತು. ಸೌಟು ಹಿಡಿದು ತಲೆಯೆತ್ತಿ ನೋಡಿದಳು.

“ಸಾ, ಆ ಹೆಣ್ಮಗ ಯಾರ್ದು ಸಾ? ಎಷ್ಟ್ ಬೆಳ್ಳುಗವ್ಳೆ, ದೇವತೆ ಇದ್ದಂಗವ್ಳೆ.”

“ನನ್ ಮಗಳು ಕಣಮ್ಮ” ಎಂದೆ.

“ಸುಮ್ಕಿರಿ ಸಾ, ತಮಾಸೆ ಮಾಡ್ಬ್ಯಾಡಿ” ಎಂದು ಬೇಳೆ ತಿರುವತೊಡಗಿದಳು. ನನ್ನ ಮುಖ ಇನ್ನೊಮ್ಮೆ ನೋಡಿ ನಕ್ಕಳು. ಅವಳೂ ನನ್ನಷ್ಟೇ ಕಪ್ಪು.

ಅದೇ ಚಪ್ಪರದ ಕೆಳಗೆ ನಿಂತಿದ್ದಾಗ ಹೆಂಡತಿಯ ಫೋನು ಬಂತು. ಯಾರೋ ಊರಿನ ಹೊಸ ಫ್ಲೆಕ್ಸಿನ ಮೇಲೆ ಸುಣ್ಣ ಹಚ್ಚಿದ್ದರು. ಎಲ್ಲ ಮುಖಗಳಿಗೂ ಅಲ್ಲ. ಆ ಆಟಗಾರನಿಗೆ, ನನಗೆ, ಮಗಳಿಗೆ. ಎಲೆಯಡಿಕೆಗೆ ಇಡುವ ಸುಣ್ಣ, ಬೆರಳಿನಿಂದ ತೀಡಿ, ಹಣೆಯಿಂದ ಗದ್ದದವರೆಗೆ ಅಚ್ಚುಕಟ್ಟಾಗಿ. ನೀಲಿಯವರ ಕೆಲಸವೋ ನಮ್ಮವರದೋ ಇವತ್ತಿಗೂ ಗೊತ್ತಿಲ್ಲ. ನಮ್ಮವರು, ಅವರು ಎಂದು ಅಂಗಿಯ ಬಣ್ಣದ ಮೇಲೆ ಕಿತ್ತಾಡುತ್ತಿದ್ದ ಎರಡೂ ಮಹಡಿಗಳು ಈ ಒಂದು ವಿಷಯದಲ್ಲಿ ಒಂದೇ ಜಾತಿ ಎಂದು ಮಾತ್ರ ಗೊತ್ತಾಯಿತು.

“ಆಕಿ ನೋಡಿದ್ಲೇನು?” ಎಂದೆ.

“ಸಾಲಿಗೆ ಹೋಗೋ ದಾರಿ ಅದ ಅಲ್ಲೇನ್ರಿ?” ಎಂದಳು ಹೆಂಡತಿ.

ಸಾಹುಕಾರ್ರಿಗೆ ಫೋನು ಮಾಡಿದೆ. ಬಿಚ್ಚಿಸಿಬಿಡಿ ಎಂದು ಬೇಡಿಕೊಂಡೆ. “ಹುಡುಗ್ರು ತಮಾಷಿ ಮಾಡ್ಯಾರ್ರಿ, ಮನಸಿಗಿ ಹಚ್ಕೋಬ್ಯಾಡ್ರಿ, ಇವತ್ತ ಬಿಚ್ಚಿಸ್ತೀನಿ” ಎಂದರು. ಬಿಚ್ಚಿಸಲಿಲ್ಲ. ಫ್ಲೆಕ್ಸಿನಲ್ಲಿ ಅವರು ಕೈಮುಗಿದುಕೊಂಡು ಚೊಕ್ಕವಾಗಿ ನಗುತ್ತಿದ್ದರು, ಅವರಿಗೆ ಯಾವ ಅವಸರ? ಆ ವಾರವೆಲ್ಲ ಅದು ಹಾಗೇ ಇತ್ತು. ಆ ವಾರವೆಲ್ಲ ಅವಳು ಅದರ ಮುಂದೆಯೇ ಶಾಲೆಗೆ ಹೋಗಿ ಬಂದಳು. ಶನಿವಾರ ಬಸ್ಸಿಳಿದವನೇ ಚೀಲ ನೆಲಕ್ಕೆ ಹಾಕಿ, ಬ್ಲೇಡಿನಿಂದ ಹಗ್ಗ ಕೊಯ್ದು ನಾನೇ ಅದನ್ನು ಕೆಡವಿದೆ. ಸಾಹುಕಾರ್ರು ಮಹಡಿಯಿಂದ ಬಗ್ಗಿ, “ಮೇಷ್ಟ್ರ, ನಾಳೆ ಮ್ಯಾಚಿಗೆ ಬರ್ರಿ, ಅವ ಆಡಾಕ ಹತ್ಯಾನ” ಎಂದರು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬೀದಿ ಕೇಳಿತು. ನನಗೆ ಹಗುರವಾಯಿತೇ ಹೊರತು ಬೇರೇನೂ ಆಗಲಿಲ್ಲ.

ಆ ಆಟಗಾರನ ತಂಡ ಅವನ ಪರವಾಗಿ ಒಂದು ಹೇಳಿಕೆ ಕೊಟ್ಟಿತು. ಮುಂದಿನ ಪಂದ್ಯಗಳಲ್ಲೂ ಮೊಣಕಾಲೂರಿದರು. ಆ ಋತು ಮುಗಿದ ಮೇಲೆ ಅವನನ್ನು ಬೇರೆ ತಂಡಕ್ಕೆ ಮಾರಿದರು. ಮಗಳಿಗೆ ಹೇಳಿದೆ. “ಹೌದೇನಪ್ಪಾ” ಎಂದಳು. ಅವನ ಅಂಗಿಯನ್ನು ಅವಳು ಸುಡಲಿಲ್ಲ, ಯಾರಿಗೂ ಕೊಡಲಿಲ್ಲ. ಕಪಾಟಿನಲ್ಲಿ ನಂಬರು ಒಳಗಾಗುವ ಹಾಗೆ ಮಡಚಿಟ್ಟಿದ್ದಳು. ನಾನು ಮಹಡಿ ಹತ್ತುವುದು ನಿಂತಿತು. ಭಾನುವಾರಗಳಲ್ಲಿ ಮೊಬೈಲಿನಲ್ಲಿ ಪಂದ್ಯ ಹಾಕಿ ಕರೆದರೆ, “ಓದೋದೈತಪ್ಪಾ” ಎನ್ನುತ್ತಿದ್ದಳು. ಸೋದರತ್ತೆಯ ಕಡಲೆಹಿಟ್ಟಿನ ಡಬ್ಬಿ ಬಚ್ಚಲಿನ ಗೂಡಿಗೆ ಯಾವಾಗ ಬಂತೋ ನಾನು ಗಮನಿಸಿರಲಿಲ್ಲ.

ಹತ್ತನೇ ಕ್ಲಾಸಿನ ಪರೀಕ್ಷೆಗೆ ಫೋಟೋ ಬೇಕೆಂದು ಒಂದು ಭಾನುವಾರ ಅವಳನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಅದೇ ಹುಡುಗ. ನನ್ನನ್ನು ಕಂಡು ಸ್ವಲ್ಪ ಹಿಂಜರಿದ. ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ. ಪರದೆಯ ಮೇಲೆ ನನ್ನ ಮಗಳು, ಬಿಗಿದ ಜಡೆ, ನೆಟ್ಟನೆಯ ಕುತ್ತಿಗೆ, ನನ್ನ ಬಣ್ಣ, ನನ್ನವ್ವನ ಕಣ್ಣು. ಎಷ್ಟು ಚೆನ್ನಾಗಿದ್ದಳು.

“ಮೇಷ್ಟ್ರ, ಈ ಸಲ ನಾ ಏನೂ ಮುಟ್ಟೋದಿಲ್ರಿ. ಹಿಂಗ ತೆಗಿತೀನಿ” ಎಂದ ಅವನು. ಹೋದ ಸಲದ ನನ್ನ ಮಾತು ಅವನಿಗೆ ನೆನಪಿತ್ತು. ನಾನು ತಲೆಯಾಡಿಸಿದೆ.

“ಮುಟ್ಟಣ್ಣ” ಎಂದಳು ಮಗಳು.

ಇಬ್ಬರೂ ಅವಳ ಕಡೆ ತಿರುಗಿದೆವು. ಅವಳು ನಮ್ಮನ್ನು ನೋಡಲಿಲ್ಲ, ಪರದೆಯನ್ನೂ ನೋಡಲಿಲ್ಲ.

“ಮೊದಲನೇ ಫ್ಲೆಕ್ಸಿನಾಗ ಮಾಡಿದ್ದಿ ನೋಡಣ್ಣ, ಹಂಗ ಎತ್ತು.”

“ಅದ್ರಾಗ ನೀನ ಕಾಣಿಸ್ತಿರಲಿಲ್ಲ ಅಂದಿದ್ದಿ ಅಲ್ಲವ್ವ” ಎಂದೆ. ನನ್ನ ದನಿ ನನಗೇ ಬೇಡುವವರ ದನಿಯಂತೆ ಕೇಳಿತು.

“ಹೌದಪ್ಪಾ” ಎಂದಳು. “ಕಾಣಿಸದಿದ್ರ ಯಾರೂ ಸುಣ್ಣ ಹಚ್ಚೋದಿಲ್ಲ.”

ಅವನು ನನ್ನ ಮುಖ ನೋಡಿದ. ನಾನು ಬಾಗಿಲ ಕಡೆ ತಿರುಗಿದೆ. ಅವನು ಎತ್ತಿದ.